ಮೊಟ್ಟೆ ತಂದವನು

ಮೂರು ದಿನ ಆಯ್ತು, ಆ ಮಾತು ತಲೆಯಿಂದ ಹೋಗುತ್ತಿಲ್ಲ. "ಗೆದ್ದವನು ಅಂದರೆ ಯಾರು? ಈಜಿದವನಾ, ಇಲ್ಲಿ ನಿಂತಿದ್ದವನಾ?"

ಕೇಳಿದ್ದು ನಮ್ಮ ಗೈಡ್, ರಾಪಾ ನುಯಿಯಲ್ಲೇ, ಅಂದರೆ ಈಸ್ಟರ್ ದ್ವೀಪದಲ್ಲೇ, ಹುಟ್ಟಿ ಬೆಳೆದ ಹೆಂಗಸು. ಅಲ್ಲಿನ ಒರೊಂಗೊ ಅನ್ನುವ ಹಳೇ ಊರಿನಲ್ಲಿ, ರಾನೊ ಕೌ ಜ್ವಾಲಾಮುಖಿಯ ಅಂಚಿನಲ್ಲಿ ನಿಂತಿದ್ದೆವು. ಸುಮಾರು 300 ಮೀಟರ್ ಕೆಳಗೆ ಕಡಲು. ಅದರಲ್ಲಿ ಮೂರು ಬಂಡೆ: ಚೂಪಾಗಿ ಎದ್ದ ಮೋಟು ಕಾವೊ ಕಾವೊ, ಪುಟ್ಟ ಮೋಟು ಇತಿ, ಆಚೆಗೆ ಮೋಟು ನುಯಿ. ನುಯಿ ಅಂದರೆ ದೊಡ್ಡದು. ದೊಡ್ಡದು ಅಂದರೂ 4 ಹೆಕ್ಟೇರ್ ಕೂಡ ಇಲ್ಲ.

ನಮ್ಮ ಜೊತೆ ಬಂದವರೊಬ್ಬರು "ಬರೀ ಕಲ್ಲು" ಎಂದು ಹೋಗಿ ವ್ಯಾನಿನಲ್ಲಿ ಕೂತರು. ನನಗೆ ಕೋಪ ಬಂತು. ಅಷ್ಟು ದೂರ ಬಂದು ಹತ್ತು ನಿಮಿಷ ಕೇಳಬಾರದಾ?

ವರ್ಷಕ್ಕೊಮ್ಮೆ ಮನುತಾರಾ ಅನ್ನುವ ಕಡಲಹಕ್ಕಿಗಳು ಮೋಟು ನುಯಿಗೆ ಮೊಟ್ಟೆಯಿಡಲು ಬರುತ್ತಿದ್ದವು. ಆಗ ಮೊದಲ ಮೊಟ್ಟೆ ತರುವ ಪಂದ್ಯ. ಒಂದೊಂದು ಕುಲದ ಮುಖಂಡನ ಪರವಾಗಿ ಒಬ್ಬೊಬ್ಬ ಈಜುಗಾರ. ಅವನಿಗೆ ಹೋಪು ಅನ್ನುತ್ತಿದ್ದರು. ನಾವು ನಿಂತಿದ್ದ ಈ ಕಡಿದಾದ ಅಂಚಿನಿಂದ ಇಳಿದು, ಜೊಂಡಿನ ಕಟ್ಟನ್ನು ಎದೆಗೆ ಅವುಚಿಕೊಂಡು ಶಾರ್ಕ್‌ಗಳಿರುವ ನೀರಿನಲ್ಲಿ ಈಜಬೇಕು. ಬಾಳೆದಿಂಡು ಹಿಡಿದು ಕೆರೆಯಲ್ಲಿ ಈಜು ಕಲಿತವಳು ನಾನು. ಆ ಅಲೆ ನೋಡಿಯೇ ಕೈಕಾಲು ತಣ್ಣಗಾಯಿತು. ಅಲ್ಲಿ ಗುಹೆಗಳಲ್ಲಿ ಕಾದು ಕೂತು, ಮೊದಲ ಮೊಟ್ಟೆ ಸಿಕ್ಕಿದರೆ ಹಣೆಗೆ ಕಟ್ಟಿಕೊಂಡು ವಾಪಸ್ ಈಜಬೇಕು. ಆಕೆ ಹಣೆಯ ಮೇಲೆ ಅಂಗೈಯಿಟ್ಟು ತೋರಿಸಿದರು, ಒಳಗೆ ನಿಜವಾಗಲೂ ಮೊಟ್ಟೆ ಇದೆಯೇನೋ ಅನ್ನುವಷ್ಟು ಮೆಲ್ಲಗೆ.

ನಾನು ಸುಮ್ನೆ "ಗೆದ್ದವನಿಗೆ ಏನು ಸಿಗುತ್ತಿತ್ತು?" ಅಂದೆ. ಆಗ ಬಂದದ್ದೇ ಆ ಪ್ರಶ್ನೆ.

ತಂಗಾತಾ ಮನು, ಅಂದರೆ ಹಕ್ಕಿ ಮನುಷ್ಯ, ಆಗುತ್ತಿದ್ದವನು ಮುಖಂಡ. ತಲೆ ಬೋಳಿಸಿಕೊಂಡ ಮೇಲೆ ವರ್ಷವಿಡೀ ಅವನು ಪವಿತ್ರ, ಅವನ ಕುಲಕ್ಕೆ ಹಿರಿಮೆ. ಒರೊಂಗೊದ ಬಂಡೆಗಳ ತುಂಬಾ ಹಕ್ಕಿ ಮುಖದ ಮನುಷ್ಯರನ್ನು ಕೆತ್ತಿದ್ದಾರೆ. ಒಂದರ ಬಾಗಿದ ಕೊಕ್ಕನ್ನು ಕಣ್ಣಲ್ಲೇ ಸವರಿದೆ. ಈಜಿದವನನ್ನು ಹುಡುಕಿದೆ, ಕಾಣಲಿಲ್ಲ.

1862ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳು ಬಂದು ನೂರಾರು ಜನರನ್ನು ಹೊತ್ತೊಯ್ದರು. ಆಮೇಲೆ ರೋಗ, ಮಿಷನರಿಗಳು. ಪದ್ಧತಿ ನಿಂತುಹೋಯಿತು. ನೆನಪಿಟ್ಟುಕೊಂಡು ಹೇಳಬೇಕಾದವರಲ್ಲಿ ಹೆಚ್ಚಿನವರು ಉಳಿಯಲಿಲ್ಲವಲ್ಲ. ಇದನ್ನು ಹೇಳುವಾಗ ಆಕೆಯ ದನಿ ಏರಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಮೊಟ್ಟೆ ಕೈಗೆ ಸಿಕ್ಕ ಕೂಡಲೇ ಹೋಪು ಆ ಬಂಡೆಯ ಮೇಲಿಂದ ಕೂಗುತ್ತಿದ್ದನಂತೆ. ತನ್ನ ಹೆಸರನ್ನಲ್ಲ. ಮೇಲೆ ಕಾಯುತ್ತಿದ್ದ ಒಡೆಯನಿಗೆ, "ಹೋಗು, ತಲೆ ಬೋಳಿಸಿಕೋ" ಎಂದು. ಆಮೇಲೆ ಮತ್ತೆ ನೀರಿಗಿಳಿಯುತ್ತಿದ್ದ.