ಹೆಲ್ಮೆಟ್ ಯಾರ ಮಾತು ಕೇಳಬೇಕು?

ಹೋಂಡಾ ಗೋಲ್ಡ್ ವಿಂಗ್ ಬೈಕಿಗೆ 2018ರಲ್ಲಿ ಕಾರ್‌ಪ್ಲೇ ಬಂತು, ಅಂದರೆ ಐಫೋನಿನ ಮ್ಯಾಪು, ಹಾಡು, ಕರೆಗಳನ್ನು ಬೈಕಿನ ಸ್ಕ್ರೀನಿನಲ್ಲೇ ತೋರಿಸುವ ಆ್ಯಪಲ್‌ನ ವ್ಯವಸ್ಥೆ. ಬೈಕುಗಳಲ್ಲಿ ಅದೇ ಮೊದಲು. ಆದರೆ ಆ ಮಾದರಿಯಲ್ಲಿ ಹೆಲ್ಮೆಟ್ಟಿನೊಳಗಿನ ಬ್ಲೂಟೂತ್ ಹೆಡ್‌ಸೆಟ್ ಜೋಡಿಸದೆ ಅದು ತೆರೆಯುವುದೇ ಇಲ್ಲ. ಸುಮ್ನೆ ಮ್ಯಾಪ್ ನೋಡೋಣ ಅಂದರೂ ಹೆಲ್ಮೆಟ್ ಬೇಕು!

ಹೆಡ್‌ಸೆಟ್ಟನ್ನು ಜೋಡಿಸಬೇಕಾದ್ದು ಬೈಕಿಗೆ, ಫೋನಿಗಲ್ಲ. ತಕರಾರು ಇರುವುದೇ ಇಲ್ಲಿ. ಹಳೇ ಗೆಳೆತನ ಬಿಡದ ಹೆಡ್‌ಸೆಟ್ಟು ಆನ್ ಆದ ಕೂಡಲೇ ಫೋನಿನ ಹಿಂದೆ ಓಡುತ್ತದೆ. ಬೈಕಿನ ಸ್ಕ್ರೀನು ಕಾಯುತ್ತಾ ಕೂರುತ್ತದೆ. ಫೋನಿನ ಬ್ಲೂಟೂತ್ ಪಟ್ಟಿಯಿಂದ ಅದನ್ನು ಅಳಿಸಿ, ಬೈಕಿನ ಜೊತೆ ಹೊಸದಾಗಿ ಪೇರ್ ಮಾಡಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಕರೆ ಬಂದಾಗ ಸ್ಟೀರಿಯೋ ಹಾಡು ನಿಂತು ಮೋನೋ (ಎರಡೂ ಕಿವಿಗೆ ಒಂದೇ) ದನಿ ಕೇಳಿಸುವುದು ದೋಷವಲ್ಲ, ಬ್ಲೂಟೂತ್ ಇರುವುದೇ ಹಾಗೆ.

ಇಷ್ಟೆಲ್ಲಾ ಜೋಡಿಸಿಯೂ ನಾನು ಹಾಡು ಹಾಕುವುದು ಕಡಿಮೆ. ತಿರುವು ಹೇಳುವ ದನಿ ಸಾಕು. ಇಂಜಿನ್ ಸದ್ದಿಗೂ ಸ್ವಲ್ಪ ಕಿವಿ ಕೊಡಬೇಕಲ್ವಾ?