ಮಂತ್ರಕ್ಕೂ ಒಂದು ಲೆಕ್ಕ ಬೇಡವಾ?

ಉಡುಪಿ, ಜುಲೈ 12, ಶನಿವಾರ

"ಅತ್ತೆ, ಇದು ಮೋಸ ಅಲ್ವಾ?"

ಅಣ್ಣನ ಮಗಳ ಸಿಟ್ಟು ಇವತ್ತು ಒಂದು ಪುಸ್ತಕದ ಮೇಲೆ. ಮೂರು ಭಾಗದ ಸರಣಿ, ಅದರಲ್ಲಿ ಎರಡನೆಯದ್ದು. ನಾಯಕಿಗೆ ಹದಿನೇಳು ವರ್ಷ. ಸುತ್ತ ಶತ್ರುಗಳು, ಕೈಯಲ್ಲಿ ಕತ್ತಿ ಇಲ್ಲ. ಇನ್ನು ಮುಗಿಯಿತು ಅನ್ನುವಾಗ ಅವಳ ಮೈಯಿಂದ ಎಂತದೋ ಬೆಳಕು ಹೊರಟು ಎಲ್ಲರೂ ಬೂದಿ. ಮುಂದಿನ ಅಧ್ಯಾಯದಲ್ಲಿ ಅವಳಿಗೆ ಸ್ವಲ್ಪ ತಲೆನೋವು, ಹುಡುಗ ನೀರು ತಂದುಕೊಟ್ಟ. ಪುಸ್ತಕದ ಹೆಸರು ಇಲ್ಲಿ ಬೇಡ, ಇವಳ ಗೆಳತಿಯರಿಗೆ ಅದೇ ಪ್ರಾಣ.

"ಶಕ್ತಿ ಬಂದದ್ದಕ್ಕೆ ನಿನಗೆ ಸಿಟ್ಟಾ?"

"ಶಕ್ತಿ ಬರ್ಲಿ ಅತ್ತೆ. ಅದ್ರಿಂದ ಅವಳಿಗೆ ಎಂತ ಆಯ್ತು? ಬರೀ ತಲೆನೋವು! ಮತ್ತೆ ಮೊದಲ ಭಾಗದಲ್ಲಿ ಅವಳ ತಮ್ಮ ಸಾಯುವಾಗ ಅದೇ ಬೆಳಕು ಎಲ್ಲಿ ಹೋಗಿತ್ತು?"

ಹದಿಹರೆಯದವರ ಕಾದಂಬರಿ ಓದುವವರಿಗೆ ಏನು ಕೊಟ್ಟರೂ ನಡೆಯುತ್ತದೆ ಅಂತ ತಿಳಿದ ದೊಡ್ಡವರು ಬಹಳ ಜನ ಇದ್ದಾರೆ. ತಮ್ಮ ಸಾಯುವಾಗ ಎಲ್ಲಿ ಹೋಗಿತ್ತು ಅನ್ನುವ ಪ್ರಶ್ನೆ ಅವರಲ್ಲಿ ಎಷ್ಟು ಮಂದಿಗೆ ಹೊಳೆದೀತು? ಫ್ಯಾಂಟಸಿ ಓದುವವರು ಅಸಾಧ್ಯವನ್ನು ಒಪ್ಪಿಕೊಂಡೇ ಪುಸ್ತಕ ತೆರೆಯುವುದು. ಡ್ರ್ಯಾಗನ್ ಹಾರುವುದರಲ್ಲಿ ಅವರಿಗೆ ತಕರಾರಿಲ್ಲ. ಆ ಡ್ರ್ಯಾಗನ್ ನಿನ್ನೆ ಯಾಕೆ ಹಾರಲಿಲ್ಲ ಅನ್ನುವುದಕ್ಕೆ ಉತ್ತರ ಬೇಕು. ಆ ಶಕ್ತಿಯಿಂದ ಏನು ಸಾಧ್ಯವಿಲ್ಲ, ಅದನ್ನು ಬಳಸಿದ್ದಕ್ಕೆ ಯಾರು ತೆರಬೇಕು, ಇಷ್ಟನ್ನು ಲೇಖಕರು ಸಂಕಟದ ಮೊದಲೇ ಹೇಳಿಟ್ಟಿರಬೇಕು. ಸಂಕಟ ಬಂದ ಮೇಲೆ ಹೇಳಿದರೆ ಅದು ನೆವ.

ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನೇ ನಿಯಮ ಮಾಡಿದರು: ಮಂತ್ರಶಕ್ತಿಯಿಂದ ಕತೆಯ ತೊಡಕು ಬಿಡಿಸಬೇಕಾದರೆ ಓದುಗರಿಗೆ ಆ ಶಕ್ತಿ ಎಷ್ಟು ಅರ್ಥವಾಗಿದೆಯೋ ಅಷ್ಟೇ ಬಿಡಿಸಬಹುದು. ಅದಕ್ಕೆ ಒಂದು ವರ್ಷ ಮೊದಲು ಬಂದ ಅವರ 'ಮಿಸ್ಟ್‌ಬಾರ್ನ್' ನೋಡಿದರೆ ಸಾಕು. ಅಲ್ಲಿ ಶಕ್ತಿ ಇರುವುದು ಲೋಹದ ಚೂರುಗಳಲ್ಲಿ. ಸಣ್ಣ ಶೀಶೆಯಲ್ಲಿರುವುದನ್ನು ನುಂಗಬೇಕು, ಹೊಟ್ಟೆಯಲ್ಲಿ 'ಉರಿಸ'ಬೇಕು, ಮುಗಿದರೆ ಮುಗಿಯಿತು. ಉಕ್ಕು ಉರಿಸಿದರೆ ಹತ್ತಿರದ ಲೋಹವನ್ನು ದೂರ ತಳ್ಳಬಹುದು, ಕಬ್ಬಿಣ ಉರಿಸಿದರೆ ತನ್ನ ಕಡೆ ಎಳೆಯಬಹುದು. ತಳ್ಳುವುದು ತನ್ನಿಂದ ನೇರ ಆಚೆಗೆ ಮಾತ್ರ, ಓರೆಯಾಗಿ ಆಗುವುದಿಲ್ಲ. ನಾಯಕಿ ವಿನ್ ಒಂದು ನಾಣ್ಯವನ್ನು ಕೆಳಗೆ ಬೀಳಿಸಿ ತಳ್ಳುತ್ತಾಳೆ. ನಾಣ್ಯ ನೆಲಕ್ಕೆ ತಾಗುವವರೆಗೆ ಚಲಿಸುವುದು ನಾಣ್ಯ. ತಾಗಿದ ಮೇಲೆ ನೆಲ ಬಿಟ್ಟುಕೊಡುವುದಿಲ್ಲವಲ್ಲ, ಆಗ ಮೇಲಕ್ಕೆ ಏಳುವುದು ಇವಳು. ತನಗಿಂತ ಭಾರದವನ ಎದೆಕವಚವನ್ನು ತಳ್ಳಿದರೆ ಹಿಂದಕ್ಕೆ ಎಸೆಯಲ್ಪಡುವುದೂ ಇವಳೇ. ತವರ ಉರಿಸಿದರೆ ಕಣ್ಣು, ಕಿವಿ ಚುರುಕಾಗುತ್ತವೆ. ಅದೇ ಹೊತ್ತಿಗೆ ಯಾರಾದರೂ ದೀಪ ಹಚ್ಚಿದರೆ ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ. ಮಿಶ್ರಲೋಹದ ಪ್ರಮಾಣ ತಪ್ಪಿದ್ದರೆ ನುಂಗಿದವರು ಕಾಯಿಲೆ ಬೀಳುತ್ತಾರೆ. ಇಷ್ಟು ಗೊತ್ತಾದ ಮೇಲೆ ಪ್ರತಿ ಹೊಡೆದಾಟದಲ್ಲೂ ಓದುಗರು ತಾವೇ ಲೆಕ್ಕ ಹಾಕುತ್ತಾರೆ: ಹತ್ತಿರ ಲೋಹ ಏನುಂಟು, ಶೀಶೆಯಲ್ಲಿ ಎಷ್ಟು ಉಳಿದಿದೆ, ಎದುರಿನವನ ತೂಕ ಎಷ್ಟು.

ಇದೆಲ್ಲ ಹೊಸ ಕಸುಬು ಅಂತ ನಮ್ಮ ಕರಾವಳಿಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಪ್ರಹ್ಲಾದ ಚರಿತ್ರೆ ಯಕ್ಷಗಾನ ಆಟ ನೋಡಿದ ಮಕ್ಕಳಿಗೂ ಹಿರಣ್ಯಕಶಿಪುವಿನ ವರ ಬಾಯಿಪಾಠ. ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಮೃಗದಿಂದಲ್ಲ, ಆಯುಧದಿಂದಲ್ಲ. ಕಟ್ಟಳೆ ಮೊದಲೇ ಸಭೆಗೆ ಗೊತ್ತು. ನರಸಿಂಹ ಬಂದವನು ಅದರಲ್ಲಿ ಒಂದನ್ನೂ ಮುರಿಯುವುದಿಲ್ಲ: ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು. ಕಂಬ ಒಡೆದದ್ದು ಪವಾಡ ಇರಬಹುದು, ಆದರೆ ಕೊಂದದ್ದು ಪೂರ್ತಿ ಕಟ್ಟಳೆಯ ಒಳಗೆ. ಬೆಳಕು ಬಂದು ಬೂದಿ ಮಾಡಿದ ಪುಸ್ತಕ ಸೋತದ್ದು ಇಲ್ಲೇ.

ಅವಳು ಈಗಾಗಲೇ ಓದಿದ 'ಎರಗಾನ್' ಬಗ್ಗೆ ನನಗೆ ಅಂಥ ಗೌರವವೇನೂ ಇರಲಿಲ್ಲ. ಪವೋಲಿನಿ ಅದನ್ನು ಶುರುಮಾಡುವಾಗ ಹದಿನೈದು ವರ್ಷದ ಹುಡುಗ. ಮನೆಯವರೇ 2002ರಲ್ಲಿ ಅಚ್ಚು ಹಾಕಿಸಿದರು, ಮರುವರ್ಷ ದೊಡ್ಡ ಪ್ರಕಾಶಕರು ತೆಗೆದುಕೊಂಡರು. ಎಷ್ಟೋ ಕಡೆ ಹಳೆಯ ಕತೆಗಳ ವಾಸನೆ ಹೊಡೆಯುತ್ತದೆ. ಆದರೆ ಲೆಕ್ಕದಲ್ಲಿ ಆ ಹುಡುಗ ಗಟ್ಟಿ. ಒಂದು ಕೆಲಸವನ್ನು ಕೈಯಿಂದ ಮಾಡಲು ಎಷ್ಟು ಶಕ್ತಿ ಬೇಕೋ ಮಂತ್ರದಿಂದ ಮಾಡಲೂ ಅಷ್ಟೇ ಬೇಕು. ಮೀರಿದರೆ ಜೀವಕ್ಕೇ ಅಪಾಯ. ಮೊದಲ ಸಂಪುಟದಲ್ಲಿ ನಾಯಕ ಒಂದು ಕೂಸಿಗೆ ಆಶೀರ್ವಾದ ಮಾಡುತ್ತಾನೆ. ಓದುವಾಗ ಅದೊಂದು ಚಂದದ ಸಣ್ಣ ಪ್ರಸಂಗ, ಅಷ್ಟೆ. 2005ರ ಎರಡನೇ ಸಂಪುಟ 'ಎಲ್ಡೆಸ್ಟ್'ನಲ್ಲಿ ಗೊತ್ತಾಗುವುದು, ಅವನು ವ್ಯಾಕರಣ ತಪ್ಪಿದ್ದ ಅಂತ. ಕೂಸಿಗೆ ರಕ್ಷೆ ಸಿಗಲಿ ಅನ್ನುವ ಬದಲು ಕೂಸೇ ಬೇರೆಯವರಿಗೆ ರಕ್ಷೆಯಾಗಲಿ ಅಂದುಬಿಟ್ಟಿದ್ದ. ಈಗ ಆ ಮಗು ಸುತ್ತಲಿನ ಎಲ್ಲರ ನೋವನ್ನೂ ತಾನು ಅನುಭವಿಸುತ್ತಾ, ತಡೆಯಲು ಓಡುತ್ತಾ ಬದುಕಬೇಕು. ಕುಂಭಕರ್ಣನ ನಾಲಗೆ ತಪ್ಪಿದ್ದು ಅವನಿಗೇ ಮುಳುವಾಯಿತು. ಇಲ್ಲಿ ತಪ್ಪಿದವನು ಒಬ್ಬ, ತೆರುವವಳು ಇನ್ನೊಬ್ಬಳು.

ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಂಗೆ ಅಳು ಬಂದ ಜಾಗ" ಅಂದಳು.

ಮತ್ತೆ ತಕ್ಷಣ, "ಹಾಗಾದ್ರೆ ಗ್ಯಾಂಡಾಲ್ಫ್? ಅವನಿಗೆ ಯಾವ ಕಟ್ಟಳೆ?"

ಸರಿಯಾದ ಕಡೆ ಹಿಡಿದಳು ಮಾರಾಯ್ತಿ. ಗ್ಯಾಂಡಾಲ್ಫ್ ಅಂದರೆ 'ಲಾರ್ಡ್ ಆಫ್ ದ ರಿಂಗ್ಸ್'ನ ಮಾಂತ್ರಿಕ. ಟೋಲ್ಕಿನ್ ಅವನ ಶಕ್ತಿಗೆ ಪಟ್ಟಿ ಕೊಡುವುದೇ ಇಲ್ಲ. ಆದರೆ ಆ ಶಕ್ತಿಯಿಂದ ಮುಖ್ಯ ತೊಡಕನ್ನು ಬಿಡಿಸುವುದೂ ಇಲ್ಲ. ಹಾಳುಮಾಡಬೇಕಾದ ಉಂಗುರವನ್ನು ನಾಯಕ ಫ್ರೋಡೋ ನಡೆದೇ ಒಯ್ಯಬೇಕು, ಹಸಿದುಕೊಂಡು. ಹದ್ದುಗಳ ಮೇಲೆ ಕೂತು ಹೋಗಬಹುದಿತ್ತಲ್ಲ ಅಂತ ಎಲ್ಲರೂ ಕೇಳುವ ಪ್ರಶ್ನೆಯನ್ನು ಅವಳೂ ಕೇಳಿದಳು. ಹದ್ದುಗಳು ಫ್ರೋಡೋನನ್ನು ಎತ್ತಿಕೊಳ್ಳಲು ಬರುವುದು ಉಂಗುರ ಹಾಳಾದ ಮೇಲೆ. ಅಷ್ಟರಲ್ಲಿ ಲೆಕ್ಕ ತೀರಿರುತ್ತದೆ, ಒಂದು ಬೆರಳು ಹೋಗಿರುತ್ತದೆ. ತೀರಿತು ಅಂದರೂ ಪೂರ್ತಿ ತೀರುವುದಿಲ್ಲ. ವೆದರ್‌ಟಾಪ್ ಗುಡ್ಡದಲ್ಲಿ ಅಕ್ಟೋಬರ್ 6ರಂದು ಆದ ಇರಿತ, ಊರಿಗೆ ಮರಳಿದ ಮೇಲೂ ಅದೇ ತಾರೀಕಿಗೆ ನೋಯುತ್ತದೆ. ಜೇಡದ ಕಡಿತದ ದಿನ ಮಾರ್ಚ್ 13, ಆ ದಿನವೂ ಅವನು ಹಾಸಿಗೆ ಹಿಡಿಯುತ್ತಾನೆ. ಅಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಊರಿನಲ್ಲಿ ಅವನಿಗೆ ಬಾಳಲಾಗುವುದಿಲ್ಲ. 'ಬರೀ ತಲೆನೋವು' ಅಂತ ಇವಳು ಕೊಸರಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಹದಿಹರೆಯದ ಫ್ಯಾಂಟಸಿಗೂ ಮಹಾಗಾತ್ರದ ಫ್ಯಾಂಟಸಿಗೂ ವ್ಯತ್ಯಾಸ ಪುಟಗಳಲ್ಲಿ ಅಂತ ಹೇಳುತ್ತಾರೆ. ಪುಟ ಹೌದು, ಆದರೆ ಬೆಲೆ ತೆರುವ ರೀತಿಯಲ್ಲೇ ಹೆಚ್ಚು. ಮೊದಲನೆಯದ್ದರಲ್ಲಿ ಸಾಮಾನ್ಯವಾಗಿ ಕಣ್ಣು ಒಂದೇ, ಮೈ ಒಂದೇ. ಆದ್ದರಿಂದ ಬೆಲೆ ಆ ಮೈ ಮೇಲೆ ಬೇಗ ಬೀಳಬೇಕು. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಅ ವಿಝರ್ಡ್ ಆಫ್ ಅರ್ಥ್‌ಸೀ' ಸುಮಾರು 200 ಪುಟದ್ದು. ಹುಡುಗ ಜಂಬಕ್ಕೆ ಬಿದ್ದು ಸತ್ತವಳ ಆತ್ಮವನ್ನು ಕರೆಯುತ್ತಾನೆ. ಅದರ ಜೊತೆ ಬಂದ ನೆರಳು ಅವನ ಮುಖ ಸೀಳುತ್ತದೆ, ಬಿರುಕು ಮುಚ್ಚಲು ಹೋದ ಹಿರಿಯ ಗುರು ಸಾಯುತ್ತಾನೆ. ಇದೆಲ್ಲ ಪುಸ್ತಕ ಅರ್ಧ ಆಗುವ ಮೊದಲೇ. ಉಳಿದದ್ದು ಸಾಲ ತೀರಿಸುವ ಕತೆ.

ಇನ್ನೊಂದು ತುದಿಯಲ್ಲಿ ರಾಬರ್ಟ್ ಜೋರ್ಡನ್ನರ 'ವೀಲ್ ಆಫ್ ಟೈಮ್'. 14 ಸಂಪುಟ, ಅದರ ಮೇಲೆ ಒಂದು ಪೂರ್ವಕತೆ. ಗಂಡಸರು ಬಳಸುವ ಶಕ್ತಿಯ ಪಾಲಿಗೆ ಕಲೆ ತಾಗಿದೆ, ಬಳಸಿದವರಿಗೆ ಹುಚ್ಚು ಹಿಡಿಯುತ್ತದೆ. ಈ ಮಾತು 1990ರ ಮೊದಲ ಸಂಪುಟದಲ್ಲೇ ಬರುತ್ತದೆ. ಆ ಕಲೆ ತೊಳೆಯುವುದು 2000ದಲ್ಲಿ ಬಂದ ಒಂಬತ್ತನೇ ಸಂಪುಟದ ಕೊನೆಯಲ್ಲಿ! ಹತ್ತು ವರ್ಷ ಓದುಗರು ನಾಯಕನ ತಲೆ ಯಾವಾಗ ಕೆಡುತ್ತದೆ ಅಂತ ಕಾದರು. ಅದರ ಮರುಸಂಪುಟ, ಹತ್ತನೆಯದ್ದು, ಯಾಕೆ ಅಷ್ಟು ಬೈಸಿಕೊಂಡಿತು ಅಂತ ಕೇಳಿದರೆ, ಅಷ್ಟು ದೊಡ್ಡ ಘಟನೆ ಆದ ಹೊತ್ತಿನಲ್ಲಿ ಬೇರೆಯವರು ಎಲ್ಲಿದ್ದರು ಅನ್ನುವುದರಲ್ಲೇ ಅದು ಮುಕ್ಕಾಲು ಕಳೆಯುತ್ತದೆ. ಹೊಸದಾಗಿ ಓದುವವರಿಗೆ ನನ್ನ ಸಲಹೆ: ಹತ್ತನೆಯದ್ದನ್ನು ಬಿಡಬೇಡಿ, ಆದರೆ ವೇಗವಾಗಿ ಓದಿ, ಪೆರಿನ್ ಮತ್ತು ಮ್ಯಾಟ್ ಅಧ್ಯಾಯಗಳಲ್ಲಿ ಮಾತ್ರ ನಿಲ್ಲಿ. 2007ರಲ್ಲಿ ಜೋರ್ಡನ್ ತೀರಿಕೊಂಡ ಮೇಲೆ ಅವರ ಟಿಪ್ಪಣಿ ಹಿಡಿದು ಕೊನೆಯ ಮೂರನ್ನು ಮುಗಿಸಿದವರು ಇದೇ ಸ್ಯಾಂಡರ್ಸನ್. ಕೊನೆಯದ್ದು 2013ರಲ್ಲಿ.

ಆ ಸರಣಿಯಲ್ಲಿ ನೈನೀವ್ ಸಿಟ್ಟು ಬಂದಾಗಲೆಲ್ಲ ಜಡೆ ಎಳೆದುಕೊಳ್ಳುತ್ತಾಳೆ. ಓದುಗರಿಗೆಲ್ಲ ಅದು ತಮಾಷೆಯ ವಸ್ತು. ನನಗೆ ಅದು ಬೇರೆ ಕಾರಣಕ್ಕೆ ಕಾಡುತ್ತದೆ. ಉಜಿರೆ ಕಡೆಯ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. 15,683 ಸಾಲು. ಅಲ್ಲಿಯೂ ಅವೇ ಸಾಲುಗಳು ಮತ್ತೆ ಮತ್ತೆ ಬರುತ್ತವೆ, ಆದರೆ ಬಾಯಿಯಲ್ಲಿ ಬಂದಾಗ ಅದು ಕೇಳುವವರಿಗೆ ಉಸಿರು ಬಿಡುವ ಜಾಗ. ಅಚ್ಚಿನಲ್ಲಿ ಬಂದರೆ ಕಲ್ಲು. ಜೋರ್ಡನ್ನರನ್ನು ಆಡಿಯೋದಲ್ಲಿ ಕೇಳಿದವರು ಜಡೆಯ ಬಗ್ಗೆ ಅಷ್ಟು ದೂರುತ್ತಾರಾ? ಅನುಮಾನ.

ಮಳೆ ನಿಂತಿಲ್ಲ. ಕಪಾಟು ತೆರೆದರೆ ಆ ವಾಸನೆ. ಸಾವಿರ ಪುಟದ ಪೇಪರ್‌ಬ್ಯಾಕ್ ಈ ಊರಿನ ಮಳೆಗಾಲಕ್ಕೆ ಮಾಡಿದ್ದಲ್ಲ. ತೇವಕ್ಕೆ ಕಾಗದ ಉಬ್ಬುತ್ತದೆ, ಬೆನ್ನಿನ ಅಂಟು ಉಬ್ಬುವುದಿಲ್ಲ, ಅದಕ್ಕೇ ಪುಟಗಳು ಅಲೆಅಲೆಯಾಗುವುದು. ಹೊಸ ದಪ್ಪ ಪುಸ್ತಕವನ್ನು ನಡುವೆ ಹಿಡಿದು ಅಗಲಿಸಿದರೆ ಬೆನ್ನಿನಲ್ಲಿ ಗೀರು ಬಿದ್ದು ಅಲ್ಲಿಂದಲೇ ಪುಟ ಕಳಚುತ್ತವೆ. ಬೆನ್ನನ್ನು ಮೇಜಿನ ಮೇಲಿಟ್ಟು ಮೊದಲು ಎರಡು ರಟ್ಟು, ಆಮೇಲೆ ಆಚೆ ಇಪ್ಪತ್ತು ಮೂವತ್ತು ಪುಟ, ಈಚೆ ಅಷ್ಟೇ, ಹೀಗೆ ಸಂದಿಯನ್ನು ಬೆರಳಿನಲ್ಲಿ ಮೆಲ್ಲ ಒತ್ತುತ್ತಾ ನಡುವಿಗೆ ಬರಬೇಕು. ಕಪಾಟಿನಲ್ಲಿ ಗೋಡೆಗೆ ತಾಗಿಸಬಾರದು, ಬಿಗಿಯಾಗಿ ತುರುಕಬಾರದು. ಗಾಳಿ ಆಡದ ಕಡೆ ಬೂಷ್ಟು ಮೊದಲು. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಉಜ್ಜಲೇಬಾರದು, ಒಣಗಿಸಿ ಆಮೇಲೆ ಬ್ರಶ್.

ಅವಳಿಗೆ ಮುಂದೆ ಬೇಕಾಗಿರುವುದು ಜಾರ್ಜ್ ಮಾರ್ಟಿನ್. ಅವರ ಸರಣಿಯನ್ನು 'ಗೇಮ್ ಆಫ್ ಥ್ರೋನ್ಸ್' ಅಂತ ಟಿವಿಯಲ್ಲಿ ನೋಡಿ ಆಗಿದೆ. ಕೊಳ್ಳುವಾಗ ಒಂದು ಎಚ್ಚರ ಬೇಕು: ಬ್ರಿಟನ್ನಿನ ಪೇಪರ್‌ಬ್ಯಾಕಿನಲ್ಲಿ ಮೂರನೇ ಸಂಪುಟವೂ ಐದನೆಯದ್ದೂ ಎರಡೆರಡು ತುಂಡು, ತುಂಡುಗಳಿಗೆ ಬೇರೆ ಬೇರೆ ಹೆಸರು. 'ಬ್ಲಡ್ ಆಂಡ್ ಗೋಲ್ಡ್' ಒಂದನ್ನೇ ಮನೆಗೆ ತಂದರೆ ಮದುವೆಯ ಊಟ ಮೊದಲು, ಆಮಂತ್ರಣ ಆಮೇಲೆ. ರಟ್ಟಿನ ಮೇಲಿನ ಸಣ್ಣಕ್ಷರ ಓದಬೇಕು.

ನಾಲ್ಕನೆಯದ್ದು 2005ರದ್ದು, ಐದನೆಯದ್ದು 2011ರದ್ದು, ಆದರೆ ಎರಡರಲ್ಲೂ ಬಹುಪಾಲು ಕಾಲ ಒಂದೇ. ಪಾತ್ರಗಳನ್ನು ಊರಿನ ಪ್ರಕಾರ ಪಾಲು ಮಾಡಿದ್ದಾರೆ. ಹಾಗಾಗಿ ಎರಡರ ಅಧ್ಯಾಯಗಳನ್ನು ಬೆರೆಸಿ ಓದುವ ಕ್ರಮವೊಂದು ಓದುಗರಲ್ಲಿ ಚಾಲ್ತಿಯಲ್ಲಿದೆ. ಮೊದಲ ಓದಿಗೆ ಅದು ಬೇಡ. ಯಾಕೆಂದರೆ ಜಾನ್ ಸ್ನೋ ತನ್ನ ಗೆಳೆಯ ಸ್ಯಾಮ್‌ನನ್ನು ಹಡಗು ಹತ್ತಿಸುವ ಮಾತುಕತೆ ಎರಡೂ ಪುಸ್ತಕದಲ್ಲಿ ಉಂಟು. ನಾಲ್ಕನೆಯದ್ದರಲ್ಲಿ ಸ್ಯಾಮ್‌ನ ಕಡೆಯಿಂದ. ಅಲ್ಲಿ ಜಾನ್ ಬರೀ ಬಿರುಸು. ಹಡಗಿನಲ್ಲಿ ಅವನ ಜೊತೆ ಕೂಸು ಹಿಡಿದು ಹೊರಟ ಗಿಲ್ಲಿ ಅಳುತ್ತಲೇ ಇರುತ್ತಾಳೆ, ಯಾಕೆ ಅಂತ ಸ್ಯಾಮ್‌ಗೆ ತಿಳಿಯುವುದು ತಡವಾಗಿ: ತೊಡೆಯ ಮೇಲಿರುವುದು ಅವಳ ಕೂಸಲ್ಲ. ರಾಜರಕ್ತ ಇದೆ ಅಂತ ಮಂತ್ರವಾದಿನಿ ಬೆಂಕಿಗೆ ಹಾಕಿಯಾಳು ಅನ್ನುವ ಭಯಕ್ಕೆ ಒಂದು ಕೂಸನ್ನು ದೂರ ಕಳಿಸಿ, ಗಿಲ್ಲಿಯದ್ದನ್ನು ಅಲ್ಲೇ ಉಳಿಸಿಕೊಂಡಿದ್ದಾರೆ. ಆ ಅಪ್ಪಣೆ ಕೊಡುವ ಜಾನ್‌ನ ಅಧ್ಯಾಯ ಐದನೆಯದ್ದರಲ್ಲಿ. ಮಂತ್ರ ಇನ್ನೂ ನಡೆದೇ ಇಲ್ಲ, ನಡೆಯಬಹುದು ಅನ್ನುವುದಕ್ಕೇ ಒಬ್ಬ ತಾಯಿ ತೆತ್ತಾಯಿತು. ಬೆರೆಸಿ ಓದಿದರೆ ಈ ಎರಡು ಅಧ್ಯಾಯ ಹತ್ತಿರ ಹತ್ತಿರ ಬರುತ್ತವೆ, ಗಿಲ್ಲಿ ಅಳುವ ಮೊದಲೇ ಕಾರಣ ಗೊತ್ತಾಗಿರುತ್ತದೆ. ಹಾಗೆ ಗೊತ್ತಿದ್ದು ಓದುವುದರಲ್ಲೂ ಒಂದು ಬಗೆ ಉಂಟು, ಪ್ರಸಂಗ ಗೊತ್ತಿದ್ದೂ ಆಟಕ್ಕೆ ಹೋಗುತ್ತೇವಲ್ಲ. ಆದರೆ ಅದು ಎರಡನೇ ಓದಿಗೆ, ಅದೂ ಐದನೆಯದ್ದರ ಎರಡೂ ತುಂಡು ಕೈಯಲ್ಲಿದ್ದರೆ, ಇಲ್ಲವಾದರೆ ನಡುವಿನಲ್ಲಿ