ಹಿಂಬದಿಗೆ ಸ್ವೇ ಬಾರ್: ನಮ್ಮ ರಸ್ತೆಗಳಿಗೆ ಎಷ್ಟು ಬಿಗಿತ ಸಾಕು?

ಹಳೆಯ ಸ್ವಿಫ್ಟ್ ಕಾರಿನ ಹಿಂಬದಿಗೆ ಸ್ವೇ ಬಾರ್ (ಎಡಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಗ್ಗಿಸುವ ಉಕ್ಕಿನ ಸರಳು) ಒಂದನ್ನು ವಿನ್ಯಾಸ ಮಾಡಿ ಕೂರಿಸುವ ಕೆಲಸದಲ್ಲಿ ಲೆಕ್ಕಾಚಾರ ಮುಗಿದಿದೆ, ಮೊದಲ ಸರಳು ಕಾರಿನಡಿ ಸೇರಿದೆ, ಪ್ರಾಥಮಿಕ ಪರೀಕ್ಷೆಯೂ ಆಗಿದೆ. ಇಲ್ಲಿಯವರೆಗಿನ ನಿರ್ಧಾರಗಳನ್ನೂ ಅವುಗಳ ಕಾರಣಗಳನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಎಂಜಿನ್ನೂ ಚಾಲನೆಯೂ ಮುಂದೆಯೇ ಇರುವ ಈ ಕಾರು ಸಂಡೂರಿನ ಗುಡ್ಡಗಳ ತಿರುವುಗಳಲ್ಲಿ ವೇಗ ಸ್ವಲ್ಪ ಹೆಚ್ಚಿದೊಡನೆ ಮೂತಿಯನ್ನು ಹೊರಕ್ಕೆ ಒಯ್ಯುತ್ತದೆ. ಸ್ಟಿಯರಿಂಗ್ ಇನ್ನಷ್ಟು ತಿರುಗಿಸಿದರೂ ಮುಂದಿನ ಟೈರುಗಳು ಮಾತು ಕೇಳುವುದಿಲ್ಲ. ಈ ಅಂಡರ್‌ಸ್ಟಿಯರ್ ಅನ್ನು ತಗ್ಗಿಸುವುದೇ ಉದ್ದೇಶ.

ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ವರ್ಗವಾಗುವ ಒಟ್ಟು ಭಾರವನ್ನು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ತೀವ್ರತೆ ನಿರ್ಧರಿಸುತ್ತವೆ. ಸ್ವೇ ಬಾರ್ ಆ ಮೊತ್ತವನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆಯನ್ನು ಬದಲಿಸುತ್ತದೆ. ಟೈರಿನ ಮೇಲಿನ ಭಾರ ದುಪ್ಪಟ್ಟಾದರೂ ಹಿಡಿತ ದುಪ್ಪಟ್ಟಾಗುವುದಿಲ್ಲ. ಆದ್ದರಿಂದ ಎಡಬಲಗಳ ನಡುವೆ ಭಾರದ ಅಂತರ ಹೆಚ್ಚಿದ ಜೋಡಿ ಒಟ್ಟಾರೆಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಿಂಬದಿಯನ್ನು ಬಿಗಿಗೊಳಿಸಿದರೆ ವರ್ಗಾವಣೆಯ ಹೆಚ್ಚಿನ ಪಾಲನ್ನು ಹಿಂದಿನ ಜೋಡಿ ಹೊತ್ತು, ಮುಂದಿನ ಜೋಡಿಗೆ ಹಿಡಿತ ಉಳಿಯುತ್ತದೆ. ಕಾರು ಕಡಿಮೆ ವಾಲುವುದು ಜೊತೆಗೆ ಬರುವ ಲಾಭವಷ್ಟೇ. ನನಗೆ ಮುಖ್ಯವಾದದ್ದು ಹಂಚಿಕೆ.

ಸ್ವಿಫ್ಟ್‌ನ ಹಿಂದಿನ ಆಕ್ಸಲ್ ಟಾರ್ಷನ್ ಬೀಮ್ ಮಾದರಿಯದು. ಹಿಂದಿನ ಚಕ್ರಗಳನ್ನು ಹಿಡಿದಿರುವ ಎಡಬಲ ಟ್ರೇಲಿಂಗ್ ಆರ್ಮ್‌ಗಳನ್ನು ಜೋಡಿಸುವ ಆ ಅಡ್ಡತೊಲೆ ತಾನೇ ತಿರುಚಿಕೊಂಡು ಸ್ವೇ ಬಾರ್‌ನ ಕೆಲಸವನ್ನೂ ಭಾಗಶಃ ಮಾಡುವುದರಿಂದ, ಎರಡೂ ಆರ್ಮ್‌ಗಳ ನಡುವೆ ಒಂದು ನೇರ ಸರಳು ಸೇರಿಸಿದರೆ ಸಾಕೆಂದು ನಿರ್ಧರಿಸಿದೆ. ಸರಳಿನ ತಿರುಚು ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಉಕ್ಕಿನ ಷಿಯರ್ ಮಾಡ್ಯುಲಸ್, ಅಂದರೆ ತಿರುಚಿಗೆ ಅದು ಒಡ್ಡುವ ಪ್ರತಿರೋಧದ ಅಳತೆ, ಸುಮಾರು 80 ಗಿಗಾಪಾಸ್ಕಲ್. ಒಂದು ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ 18 ಮಿ.ಮೀ. ಸರಳು ಪ್ರತಿ ಡಿಗ್ರಿಗೆ ಸುಮಾರು 14 ನ್ಯೂಟನ್-ಮೀಟರ್, 20 ಮಿ.ಮೀ. ಸುಮಾರು 22, 22 ಮಿ.ಮೀ. ಸುಮಾರು 32 ಕೊಡುತ್ತದೆ. ವ್ಯಾಸ 20ರಿಂದ 22ಕ್ಕೆ, ಎರಡೇ ಮಿಲಿಮೀಟರ್ ಹೆಚ್ಚಿದಾಗ ಬಿಗಿತ ಶೇ. 46ರಷ್ಟು ಏರುವುದನ್ನು ಗಮನಿಸಿದರೆ, ಕಣ್ಣಂದಾಜಿನಲ್ಲಿ ದಪ್ಪ ಸರಳು ಆರಿಸುವುದು ಎಷ್ಟು ಅಪಾಯಕರವೆಂದು ತಿಳಿಯುತ್ತದೆ. ಟೊಳ್ಳು ಸರಳನ್ನೂ ಪರಿಶೀಲಿಸಿದೆ: 22 ಮಿ.ಮೀ. ಹೊರವ್ಯಾಸ, 4 ಮಿ.ಮೀ. ಗೋಡೆಯ ಕೊಳವೆ ಶೇ. 60ರಷ್ಟು ತೂಕದಲ್ಲೇ ಶೇ. 84ರಷ್ಟು ಬಿಗಿತ ಉಳಿಸಿಕೊಳ್ಳುತ್ತದೆ. ಆದರೆ ಕೊಳವೆಯ ತುದಿಗಳನ್ನು ಬೆಸುಗೆ ಹಾಕದೆ ಕೂರಿಸುವುದು ಕಷ್ಟವೆಂದು ಅದನ್ನು ಕೈಬಿಟ್ಟೆ.

ಯಾವ ಉಕ್ಕು ಎಂಬ ವಿಷಯದಲ್ಲಿ ಲೇತ್ ಅಂಗಡಿಯ ಹಿರಿಯರೊಡನೆ ದೀರ್ಘ ಚರ್ಚೆಯಾಯಿತು. ಗಡಸು ಉಕ್ಕಾದರೆ ಬಿಗಿತವೂ ಹೆಚ್ಚೆಂಬುದು ಅವರ ಅಭಿಪ್ರಾಯ. ವಾಸ್ತವದಲ್ಲಿ ಸಾಧಾರಣ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಸರಳೂ ಹದಗೊಳಿಸಿದ ಸ್ಪ್ರಿಂಗ್ ಉಕ್ಕೂ ಒಂದೇ ವ್ಯಾಸದಲ್ಲಿ ಬಹುತೇಕ ಒಂದೇ ಬಿಗಿತ ತೋರುತ್ತವೆ. ಎಷ್ಟರವರೆಗೆ ತಿರುಚಿದರೆ ಮೊದಲಿನ ಸ್ಥಿತಿಗೆ ಮರಳುತ್ತವೆ ಎಂಬುದರಲ್ಲಿ ಮಾತ್ರ ಭೇದವಿದೆ. ಆರ್ಮ್ ಉದ್ದ 400 ಮಿ.ಮೀ. ಎಂದಿಟ್ಟುಕೊಂಡು, ಒಂದು ಚಕ್ರ 50 ಮಿ.ಮೀ. ಏರಿ ಇನ್ನೊಂದು ಅಷ್ಟೇ ಇಳಿದರೆ ಸರಳು ಸುಮಾರು 14 ಡಿಗ್ರಿ ತಿರುಚುತ್ತದೆ. ಆಗ 20 ಮಿ.ಮೀ. ಸರಳಿನ ಮೇಲ್ಮೈಯಲ್ಲಿ ಸುಮಾರು 200 ಮೆಗಾಪಾಸ್ಕಲ್ ಷಿಯರ್ ಒತ್ತಡ ಬೀಳುತ್ತದೆ. ಎಂಎಸ್ ಸುಮಾರು 145ಕ್ಕೇ ಶಾಶ್ವತವಾಗಿ ತಿರುಚಿಹೋಗುವುದರಿಂದ, ಕ್ರೋಮ್-ವೆನೇಡಿಯಂ ಸ್ಪ್ರಿಂಗ್ ಉಕ್ಕಾದ ಇಎನ್ 47 ಆರಿಸಿದೆ. ಅದಿರು ಲಾರಿಗಳ ಊರಾದ ಬಳ್ಳಾರಿಯಲ್ಲಿ ಕಮಾನ್ ಪಟ್ಟಿ ಕೆಲಸ ಬಲ್ಲ ಕುಲುಮೆಯವರಿರುವುದು ನನ್ನ ಭಾಗ್ಯ. ಅವರು ತುದಿಗಳನ್ನು ಕಾಯಿಸಿ ಚಪ್ಪಟೆ ಮಾಡಿಕೊಟ್ಟರು. ರಂಧ್ರ ಕೊರೆಸಿದ ನಂತರವೇ ಸುಮಾರು 850 ಡಿಗ್ರಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಲಾಯಿತು. ಮೇಲ್ಮೈಯ ಗೀರುಗಳನ್ನೆಲ್ಲ ಉಜ್ಜಿ ತೆಗೆದದ್ದು ಅಂದಕ್ಕಲ್ಲ. ಮತ್ತೆ ಮತ್ತೆ ತಿರುಚುವುದರಿಂದಾಗುವ ದಣಿವಿನ ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ.

22 ಮಿ.ಮೀ. ಬಿಟ್ಟು 20ಕ್ಕೆ ನಿಂತದ್ದು ನಮ್ಮ ಮಣ್ಣಿನ ಕಾರಣದಿಂದ. ಸಿರುಗುಪ್ಪದ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ರಸ್ತೆ ಅಲೆಅಲೆಯಾಗಿ ಏಳುತ್ತದೆ. ಬಾರ್ ಎಡಬಲ ಚಕ್ರಗಳನ್ನು ಬೆಸೆಯುವ ಕಾರಣ ಒಂದು ಚಕ್ರ ತಗ್ಗಿಗೆ ಬಿದ್ದಾಗಲೂ ಇನ್ನೊಂದಕ್ಕೆ ಪೆಟ್ಟು ತಗಲುತ್ತದೆ. ಹಿಂಬದಿ ಅತಿಯಾಗಿ ಬಿಗಿಯಾದರೆ ತಿರುವಿನಲ್ಲಿ ಒಳಚಕ್ರ ನೆಲ ಬಿಡುತ್ತದೆ. ಒದ್ದೆ ರಸ್ತೆಯಲ್ಲಿ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗವೇ ಹೊರಕ್ಕೆ ಜಾರಬಹುದು. ಅಂಡರ್‌ಸ್ಟಿಯರ್ ಪೂರ್ಣವಾಗಿ ಅಳಿಸುವುದು ನನ್ನ ಗುರಿಯಲ್ಲ. ಮನೆಮಂದಿ ಓಡಿಸುವ ಕಾರಿನಲ್ಲಿ ಅದು ಸ್ವಲ್ಪ ಉಳಿದಿರಲೇಬೇಕು.

ಕಾರಿನ ಬೀಮ್‌ಗೆ ರಂಧ್ರವನ್ನಾಗಲಿ ಬೆಸುಗೆಯನ್ನಾಗಲಿ ಹಾಕಿಲ್ಲ. ನಿತ್ಯ ತಿರುಚುವ ಭಾಗಕ್ಕೆ ಅದು ಬಿರುಕಿನ ಆಹ್ವಾನ. ಆರ್ಮ್‌ಗಳನ್ನು ಸುತ್ತುವ ಕ್ಲಾಂಪ್‌ಗೆ 10.9 ದರ್ಜೆಯ ಬೋಲ್ಟ್‌ಗಳಿಂದ ಸರಳನ್ನು ಬಿಗಿದು, ಸಡಿಲವಾದರೆ ಕಾಣುವಂತೆ ಬಣ್ಣದ ಗೆರೆ ಎಳೆದಿದ್ದೇನೆ.

ಪರೀಕ್ಷೆಗೆ ಖಾಲಿ ಮೈದಾನದಲ್ಲಿ 15 ಮೀಟರ್ ತ್ರಿಜ್ಯದ ವೃತ್ತ ಗುರುತಿಸಿಕೊಂಡೆ. ಅದನ್ನು 11 ಸೆಕೆಂಡಿನಲ್ಲಿ ಸುತ್ತಿದರೆ ವೇಗ ಗಂಟೆಗೆ ಸುಮಾರು 31 ಕಿ.ಮೀ. ಇದ್ದು, ಪಾರ್ಶ್ವ ವೇಗೋತ್ಕರ್ಷ ಗುರುತ್ವದ ಅರ್ಧದಷ್ಟಾಗುತ್ತದೆ. ನಿಧಾನವಾಗಿ ಸುತ್ತುವಾಗಿನ ಸ್ಟಿಯರಿಂಗ್ ಕೋನಕ್ಕೂ ಈ ವೇಗದ ಕೋನಕ್ಕೂ ಇರುವ ವ್ಯತ್ಯಾಸವೇ ಅಂಡರ್‌ಸ್ಟಿಯರ್‌ನ ಅಳತೆ. ಟೈರುಗಳ ಗಾಳಿ ಒಂದೇ ಇರಿಸಿ ಬಾರ್ ಇಲ್ಲದೆಯೂ ಇಟ್ಟೂ ಹೋಲಿಸಿದಾಗ ಆ ವ್ಯತ್ಯಾಸ ಸ್ಪಷ್ಟವಾಗಿ ಕುಗ್ಗಿತು, ಆದರೆ ಮಾಯವಾಗಲಿಲ್ಲ. ನಾನು ಬಯಸಿದ್ದೂ ಅದನ್ನೇ.

ಇನ್ನು ಒದ್ದೆ ನೆಲದಲ್ಲಿ ಇದೇ ಪರೀಕ್ಷೆ ನಡೆಸಬೇಕಿದೆ. ಅದಕ್ಕೂ ಮೊದಲು ಸರಳನ್ನು ಬಿಚ್ಚಿಸಿ, ಚಪ್ಪಟೆ ತುದಿ ದುಂಡು ಭಾಗವನ್ನು ಸೇರುವ ಜಾಗದಲ್ಲಿ ಬಿರುಕು ಮೂಡಿದೆಯೇ ಎಂದು ಡೈ ಪೆನಿಟ್ರಂಟ್ (ಸಣ್ಣ ಬಿರುಕಿನೊಳಗೆ ಇಳಿದು ಅದನ್ನು ಎತ್ತಿ ತೋರಿಸುವ ಬಣ್ಣದ ದ್ರವ) ಸಿಂಪಡಿಸಿ ನೋಡುತ್ತೇನೆ.